ಯಾವ ಗುಂಡು?

ಕೇಪಿನ ಕೋವಿಯೊಳಗೆ ಮದ್ದು ಇದೆಯೋ ಇಲ್ಲವೋ ಎಂದು ಹೇಳುವುದರಲ್ಲಿ ನನ್ನನ್ನು ಮೀರಿಸುವ ಪೊಲೀಸ್ ಬೈಂದೂರಿನಿಂದ ಬ್ರಹ್ಮಾವರದವರೆಗೆ ಒಬ್ಬನೂ ಇರಲಿಲ್ಲ. ಮುದುಕ ಜಂಬ ಕೊಚ್ಚುತ್ತಿದ್ದಾನೆ ಅಂದುಕೊಳ್ಳಿ, ಅಡ್ಡಿಯಿಲ್ಲ. ಹೊಸದಾಗಿ ಖಾಕಿ ಹಾಕಿಕೊಳ್ಳುತ್ತಿರುವ ನಿಮಗೆ ನಾನು ಜಂಬದಿಂದಲೇ ಶುರು ಮಾಡಬೇಕು. ಯಾಕೆಂದರೆ ಹೇಳಲು ಹೊರಟಿರುವ ತಪ್ಪು ಹುಟ್ಟಿದ್ದೂ ಆ ಜಂಬದ ಹೊಟ್ಟೆಯಿಂದಲೇ.

ತರಬೇತಿಯಲ್ಲಿ ನಿಮ್ಮ ಕೈಗೆ ಕೊಡುವ ಬಂದೂಕು ಬೇರೆ, ನಮ್ಮ ಒಳನಾಡಿನ ಕೃಷಿಕರ ಮನೆಯ ಕೋವಿ ಬೇರೆ. ಅದಕ್ಕೆ ನಳಿಗೆಯ ಬಾಯಿಯಿಂದಲೇ ಮದ್ದು ಸುರಿಯಬೇಕು, ನಾರು ತುರುಕಬೇಕು, ಗುಂಡು ಹಾಕಬೇಕು, ಕಬ್ಬಿಣದ ಕಡ್ಡಿಯಿಂದ ಜಡಿಯಬೇಕು. ಕೊನೆಗೆ ಹಿಂದುಗಡೆ, ಕುದುರೆ ಎಂಬ ಪುಟ್ಟ ಸುತ್ತಿಗೆ ಬಂದು ಬಡಿಯುವಲ್ಲಿ, ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಒಂದು ಕೇಪು ಇಡಬೇಕು. ಹಂದಿಗೆಂದು ತುಂಬಿಟ್ಟದ್ದನ್ನು ಹಂದಿ ಬರಲಿಲ್ಲವೆಂದು ವಾಪಸು ತೆಗೆಯುವುದು ಸುಲಭವಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಕೋವಿ ತುಂಬಿದ ಹಾಗೆಯೇ ವಾರಗಟ್ಟಲೆ ಮೂಲೆಯಲ್ಲಿ ನಿಂತಿರುತ್ತದೆ, ಮನೆಯವರಿಗೂ ಮರೆತು ಹೋಗಿರುತ್ತದೆ.

ಪರೀಕ್ಷೆ ಮಾಡುವ ಕ್ರಮ ಸರಳ. ಕೇಪು ತೆಗೆದು ಬದಿಗಿಡಿ. ಆಮೇಲೆ ಕಡ್ಡಿಯನ್ನು ನಳಿಗೆಯೊಳಗೆ ಇಳಿಸಿ. ಪೂರ್ತಿ ಇಳಿದರೆ ಖಾಲಿ. ನಾಲ್ಕು ಬೆರಳು ಹೊರಗೆ ನಿಂತರೆ ತುಂಬಿದೆ. ಅಷ್ಟೇ. ನನಗೆ ಕಡ್ಡಿ ಇಳಿಯುವ ಸದ್ದು ಕೇಳಿದರೇ ಸಾಕಿತ್ತು.

ನಾನಿದ್ದದ್ದು ಕುಂದಾಪುರದ ಒಳನಾಡಿನ ಒಂದು ಠಾಣೆ. ಹೆಸರು ಬೇಡ. ಹೆಡ್ ಕಾನ್‌ಸ್ಟೆಬಲ್, ಠಾಣೆಯ ರೈಟರ್. ದಿನಚರಿ ಬರೆಯುವವ, ಫೋನ್ ಎತ್ತುವವ, ಚುನಾವಣೆ ಘೋಷಣೆಯಾದಾಗ ಊರಿನ ಲೈಸೆನ್ಸ್ ಕೋವಿಗಳನ್ನೆಲ್ಲ ಜಮಾ ಮಾಡಿಕೊಳ್ಳುವವ ನಾನೇ. ಕೋವಿಗೊಂದು ಚೀಟಿ ಕಟ್ಟಿ, ಪುಸ್ತಕದಲ್ಲಿ ಬರೆದು, ರಶೀದಿ ಕೊಟ್ಟು, ಕೋಣೆಯಲ್ಲಿ ಸಾಲಾಗಿ ನಿಲ್ಲಿಸುವುದು ಕೆಲಸ. ಬಂದವರನ್ನು ಗೋಳು ಹೊಯ್ದುಕೊಳ್ಳುವುದು ನನ್ನ ಸ್ವಂತ ಸೇರ್ಪಡೆ. ಒಬ್ಬ ಅಜ್ಜನಿಗೆ ಹೇಳಿದ್ದೆ: “ಕೋವಿಗೊಂದ್ ಹೆಸ್ರ್ ಬೇಕ್ ಅಜ್ಜಯ್ಯ. ವಾಪಸ್ ಕೊಂಡೋಪತಿಗೆ ಹೆಸ್ರ್ ಹಿಡ್ದ್ ಕರೀಕ್, ಇಲ್ದಿದ್ರೆ ಕೊಡೂಕಿಲ್ಲೆ.” ಚುನಾವಣೆ ಮುಗಿದ ಮೇಲೆ ಅಜ್ಜ ಬಂದು ಕೋಣೆಯ ಬಾಗಿಲಲ್ಲಿ ನಿಂತು ತನ್ನ ಕೋವಿಯನ್ನು “ಹ್ವಾಯ್ ಚಂದೂ” ಎಂದು ಕೂಗಿದ. ಠಾಣೆಗೆ ಠಾಣೆಯೇ ಹೊಟ್ಟೆ ಹಿಡಿದುಕೊಂಡಿತು. ಈಗ ಲೈಸೆನ್ಸಿಗೆ ಕಂಪ್ಯೂಟರಿನಲ್ಲಿ ಒಂದು ನಂಬರ್ ಇದೆ. ನಂಬರನ್ನು ತಮಾಷೆ ಮಾಡಲಾಗುವುದಿಲ್ಲ. ನಿಮಗೆ ಅದೊಂದು ನಷ್ಟವೇ, ಅಥವಾ ಲಾಭವೇ, ಓದಿ ಆದ ಮೇಲೆ ನೀವೇ ಹೇಳಿ.

ಬಾರಿನಲ್ಲಿ ಆಯುಧ ಎಂಬ ವಿಷಯ ಮೊದಲ ಬಾರಿ ನನ್ನೆದುರು ಬಂದದ್ದು ಒಂದು ಪಿಸ್ತೂಲಿನ ರೂಪದಲ್ಲಿ. ಮುಂಬೈಯಲ್ಲಿ ಹೋಟೆಲ್ ಮಾಡಿ ಮೇಲೆ ಬಂದ ಬ್ರಹ್ಮಾವರ ಕಡೆಯ ಸಾಹುಕಾರರೊಬ್ಬರು. ಆತ್ಮರಕ್ಷಣೆಗೆ ಲೈಸೆನ್ಸ್ ಇತ್ತು. ಊರಿಗೆ ಬಂದಾಗಲೆಲ್ಲ ನಮ್ಮ ಪೇಟೆಯ ಬಾರ್ ಎಂಡ್ ರೆಸ್ಟೋರೆಂಟಿನಲ್ಲಿ ಕೂತು ಪಿಸ್ತೂಲನ್ನು ಮೀನಿನ ತಟ್ಟೆಯ ಬದಿಗೆ ಇಟ್ಟುಕೊಳ್ಳುತ್ತಿದ್ದರು. ಬಾರಿನ ಮ್ಯಾನೇಜರ್ ಸುಧಾಕರ ಬಂದು ನನ್ನ ಹತ್ತಿರ ಗೋಗರೆದ. ಅವನೂ ಮುಂಬೈಯಲ್ಲಿ ದುಡಿದು ವಾಪಸು ಬಂದವನೇ. ಸಣ್ಣ ದೇಹ, ಮೆತ್ತಗಿನ ಮಾತು, ಗಿರಾಕಿಗೆ ಏರಿದ ಸ್ವರದಲ್ಲಿ ಒಂದು ಮಾತೂ ಆಡದವನು.

ನಾನು ಲುಂಗಿ ಶರ್ಟಿನಲ್ಲಿ ಹೋಗಿ ಸಾಹುಕಾರರ ಎದುರು ಕೂತೆ.

“ಹ್ವಾಯ್, ಇದ್ರಂಗೆ ಎಷ್ಟ್ ಪೆಗ್ ಹಿಡಿತ್ತ್?” ಅಂತ ಕೇಳಿದೆ.

“ಇದ್ ಪಿಸ್ತೂಲ್ ಮಾರಾಯಾ!”

“ಹೌದಾ? ತಟ್ಟಿ ಬದಿಗೆ ಇಟ್ಟದ್ದ್ ಕಂಡ್ ನಾನ್ ಉಪ್ಪಿನ್ ಡಬ್ಬಿ ಅಂದ್ಕಂಡಿದ್ದೆ. ಒಂಚೂರ್ ಉದ್ರಿಸಿ ಕಾಂಬ, ಮೀನ್ ಸಪ್ಪೆ ಇತ್ತ್.”

ಬಾರು ನಕ್ಕಿತು. ಸಾಹುಕಾರರ ಮುಖ ಕೆಂಪಾಯಿತು, ಪಿಸ್ತೂಲು ಚೀಲಕ್ಕೆ ಹೋಯಿತು, ಮತ್ತೆಂದೂ ಮೇಜಿನ ಮೇಲೆ ಬರಲಿಲ್ಲ. ಲಾಠಿ ಬೇಡ, ಕಾಗದ ಬೇಡ, ನಾಲಿಗೆ ಸಾಕು ಎಂದು ನಾನು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದೆ.

ಆಗ ನಮ್ಮ ಸಬ್ ಇನ್ಸ್‌ಪೆಕ್ಟರ್ ವಿಜಯಪುರ ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ಸಣ್ಣವರು. ನಗುವುದು ಕಮ್ಮಿ. ಅವರು ಕರೆದು, “ನಗ್ಸಿ ಕಳಸೀರಿ, ಛಲೋ ಆತು. ಆದ್ರ ಕಾನೂನು ಏನ್ ಹೇಳ್ತೈತಿ ನೋಡೀರೇನು?” ಎಂದರು. ನೋಡಿರಲಿಲ್ಲ. ಅವತ್ತು ಲೈಸೆನ್ಸಿನ ಷರತ್ತುಗಳನ್ನು ಕೂತು ಓದಿದೆ. ಜಾತ್ರೆಗೆ, ಮೆರವಣಿಗೆಗೆ, ಜನ ಸೇರುವ ಕಡೆಗೆ, ಶಾಲೆಯ ಆವರಣಕ್ಕೆ ಆಯುಧ ಒಯ್ಯಬಾರದು ಎಂದಿತ್ತು. ಬಾರ್ ಎಂಬ ಶಬ್ದ ನನ್ನ ಕಣ್ಣಿಗೆ ಬೀಳಲಿಲ್ಲ. ಅಮೆರಿಕದ ರಾಜ್ಯಗಳಲ್ಲಿ ಹೆಂಡ ಕೊಡುವ ಜಾಗಕ್ಕೆ ಪಿಸ್ತೂಲು ಒಯ್ಯಬಹುದೇ ಎಂಬುದಕ್ಕೇ ಪ್ರತ್ಯೇಕ ಕಾನೂನು ಇದೆ, ಒಂದೊಂದು ರಾಜ್ಯದಲ್ಲಿ ಒಂದೊಂದು ನಮೂನೆ ಎಂದು ಈಚೆಗೆ ಮೊಬೈಲಿನಲ್ಲಿ ಓದಿದೆ. ನಮ್ಮಲ್ಲಿ ಆ ಶಬ್ದ ಬರೆದಿಲ್ಲದಿದ್ದರೂ ಬುದ್ಧಿ ಉಪಯೋಗಿಸಬೇಕು.

“ಬೆಳೆ ಕಾಯಾಕ ಕೊಟ್ಟ ಕೋವಿ ಬಾರಿನಾಗ ಯಾವ ಬೆಳೆ ಕಾಯ್ತೈತ್ರೀ?” ಎಂದು ಕೇಳಿದ ಸಾಹೇಬರು ಒಂದು ಅಪ್ಪಣೆ ಕೊಟ್ಟರು. ಪೇಟೆಯ ಬಾರಿನವರು ಯಾರ ಹತ್ತಿರವಾದರೂ ಆಯುಧ ಕಂಡರೆ ಕೂಡಲೇ ಠಾಣೆಗೆ ಫೋನ್ ಮಾಡಬೇಕು. ಫೋನ್ ಬಂದರೆ ನಾವು ಕೂಡಲೇ ಹೋಗಬೇಕು. ಬಂದ ಫೋನನ್ನು ದಿನಚರಿಯಲ್ಲಿ ಬರೆಯಬೇಕು. ಬಾರಿಗೆ ಹೋಗಿ ಸುಧಾಕರನಿಗೆ ಇದನ್ನು ತಿಳಿಸಿ ಬಂದವ ನಾನೇ.

ಈಗ ಭೋಜಣ್ಣನ ವಿಷಯಕ್ಕೆ ಬರುತ್ತೇನೆ.

ಭೋಜಣ್ಣ ಶಂಕರನಾರಾಯಣದಿಂದಲೂ ಒಳಗೆ ಗದ್ದೆ ಮಾಡಿಕೊಂಡಿದ್ದವರು. ಅರುವತ್ತು ದಾಟಿದ, ಹೇಳಿದ್ದನ್ನೆಲ್ಲ ನಂಬುವ ಮನುಷ್ಯ. ಅಂಥವರನ್ನು ಕಂಡರೆ ನನ್ನ ನಾಲಿಗೆ ತುರಿಸುತ್ತಿತ್ತು. ಚುನಾವಣೆ ಘೋಷಣೆಯಾಗಿ ಎರಡು ದಿನವಾಗಿತ್ತು. ಬೆಳಿಗ್ಗೆ ಹತ್ತರ ಬಸ್ಸಿಗೆ ಅವರು ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದು ನನ್ನ ಮೇಜಿನೆದುರು ನಿಂತರು. ಲೈಸೆನ್ಸ್ ಪುಸ್ತಕ ತಂದಿದ್ದರು, ಅದರ ಜೆರಾಕ್ಸ್ ತಂದಿರಲಿಲ್ಲ.

“ಜೆರಾಕ್ಸ್ ಬೇಕ್ ಭೋಜಣ್ಣ. ಮತ್ತೆ ಈ ಸರ್ತಿ ಹೊಸ ರೂಲ್. ಮೂರ್ ಫೋಟೋ. ಒಂದ್ ನಿಮ್ದ್, ಒಂದ್ ಕೋವಿದ್, ಒಂದ್ ಹಂದಿದ್” ಎಂದೆ.

“ಹಂದಿದಾ?”

“ಮತ್ತೆ? ಹಂದಿ ಇತ್ತ್ ಅಂದೇಳಿ ಅಲ್ದಾ ಲೈಸೆನ್ಸ್ ಕೊಟ್ಟದ್ದ್? ಹಂದಿ ಇಲ್ದಿದ್ರೆ ಕೋವಿ ಎಂತಕ್ಕೆ? ಮುಖ ಸಮಾ ಕಾಣ್ಕ್ ಮಾತ್ರ. ಹಿಂದಿಂದ ತೆಗ್ದದ್ದ್ ಆತಿಲ್ಲೆ.”

ಪಕ್ಕದವರು ಮುಖ ಆಚೆ ತಿರುಗಿಸಿ ನಗುತ್ತಿದ್ದರು. ಭೋಜಣ್ಣ ತಲೆಯಾಡಿಸಿ, ಗೋಣಿಚೀಲವನ್ನು ಪುನಃ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಕಡ್ಡಿ ನನ್ನ ಮೇಜಿನ ಮೇಲೆಯೇ ಇತ್ತು. ಗೋಣಿಯನ್ನು ಬಿಚ್ಚಿಸಿ ಕೇಪು ನೋಡಿ ಕಡ್ಡಿ ಇಳಿಸಲು ಎರಡು ನಿಮಿಷ ಸಾಕು. ಬಿಚ್ಚಿಸಿದ್ದರೆ ತಮಾಷೆ ಕೆಡುತ್ತಿತ್ತು. ಬಿಚ್ಚಿಸಲಿಲ್ಲ.

ಬಸ್‌ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ. ಭೋಜಣ್ಣ ಅಲ್ಲಿ ಹಂದಿಯ ಫೋಟೋ ಎಲ್ಲಿ ಸಿಗುತ್ತದೆ ಎಂದು ಕೇಳಿದರಂತೆ. ಅಂಗಡಿಯವನೂ, ಅಲ್ಲಿದ್ದ ನಾಲ್ಕು ಜನರೂ ಬಿದ್ದು ಬಿದ್ದು ನಕ್ಕರಂತೆ. ಆಗ ಅವರಿಗೆ ಗೊತ್ತಾಗಿದೆ. ಮುಖ ಸಣ್ಣ ಮಾಡಿಕೊಂಡು ಪಕ್ಕದ ಬಾರಿಗೆ ಹೋಗಿ ಕೂತಿದ್ದಾರೆ. ಹಗಲು ಕುಡಿಯುವ ಜನ ಅವರಲ್ಲ.

ಹನ್ನೊಂದೂವರೆಗೆ ಠಾಣೆಯ ಫೋನ್ ಹೊಡೆದುಕೊಂಡಿತು. ಎತ್ತಿದೆ. ಸುಧಾಕರ, ಪಿಸುಗುಟ್ಟಿದ ಹಾಗೆ ಮಾತಾಡಿದ.

“ಸಾರ್, ಭೋಜಣ್ಣ ಇಲ್ಲ್ ಗುಂಡ್ ಹಾಕಂಡ್ ಕೂಕಂಡಿರ್. ಒಂಚೂರ್ ಬನ್ನಿ.”

ನಾನು ಒಂದು ಕ್ಷಣವೂ ತಡಮಾಡಲಿಲ್ಲ. “ಬಾರಿಗೆ ಬಂದವ್ರ್ ಗುಂಡ್ ಹಾಕ್ದೆ ಮತ್ತೆಂತ ಗಂಜಿ ಉಂಬುದಾ? ಹಂದಿ ಫೋಟೋ ಸಿಕ್ತಾ ಕೇಣ್” ಎಂದೆ.

“ಅಲ್ಲ ಸಾರ್...” ಎಂದ ಅವನು. ನಾನು ನಗುತ್ತಾ ಫೋನ್ ಇಟ್ಟೆ.

ಆ “ಅಲ್ಲ ಸಾರ್” ಎಂಬುದನ್ನು ನೀವು ಒಮ್ಮೆ ನಿಲ್ಲಿಸಿ ಓದಿ. ನಾನು ಅದನ್ನು ಓದುವುದು ಇನ್ನೂ ನಿಂತಿಲ್ಲ.

ಹೇಳಿದ ತಮಾಷೆಯನ್ನು ಠಾಣೆಯವರಿಗೆಲ್ಲ ಇನ್ನೊಮ್ಮೆ ಹೇಳಿದೆ. ಸ್ವಲ್ಪ ಹೊತ್ತಿನಲ್ಲಿ ಬಸ್‌ಸ್ಟ್ಯಾಂಡಿನ ಕಡೆಯಿಂದ ಢಂ ಎಂದು ಕೇಳಿತು. ಟೈರು ಒಡೆದದ್ದು ಎಂದ ಒಬ್ಬ. “ಅಲ್ಲ, ಭೋಜಣ್ಣನ ಹೊಟ್ಟಿ ಒಡದ್ದ್” ಎಂದೆ ನಾನು. ಎಲ್ಲರೂ ನಕ್ಕರು. ಆ ನಗೆ ನಿಲ್ಲುವ ಮೊದಲೇ ರಿಕ್ಷಾ ಚಾಲಕನೊಬ್ಬ ಓಡಿ ಬಂದ. ಅವನ ಅಂಗಿಯಲ್ಲಿ ರಕ್ತ ಇತ್ತು.

ಬಾರಿನೊಳಗೆ ಮದ್ದಿನ ಹೊಗೆ ಇನ್ನೂ ನಿಂತಿತ್ತು. ಆಶ್ಚರ್ಯವೆಂದರೆ ಒಂದು ಬಾಟಲಿಯೂ ಒಡೆದಿರಲಿಲ್ಲ. ಗೋಣಿಚೀಲ ಸುಟ್ಟು ತೂತಾಗಿ ನೆಲದಲ್ಲಿ ಬಿದ್ದಿತ್ತು. ಸುಧಾಕರನನ್ನು ಆಗಲೇ ಇನ್ನೊಂದು ರಿಕ್ಷಾದಲ್ಲಿ ಹಾಕಿಕೊಂಡು ಕುಂದಾಪುರದ ಆಸ್ಪತ್ರೆಗೆ ಹೋಗಿದ್ದರು. ಎಡಗಾಲು, ಮೊಣಕಾಲಿನ ಕೆಳಗೆ. ಅವನ ಒಂದು ಚಪ್ಪಲಿ ಮೇಜಿನ ಅಡಿಯಲ್ಲಿತ್ತು. ಭೋಜಣ್ಣ ಕುರ್ಚಿಯಲ್ಲಿ ಎರಡೂ ಕೈ ತಲೆಯ ಮೇಲಿಟ್ಟು ಕೂತಿದ್ದರು. ನನ್ನನ್ನು ಕಂಡು ಸಿಟ್ಟು ಮಾಡಲಿಲ್ಲ, ಬೈಯಲಿಲ್ಲ.

“ನೀ ಹೇಳದ್ ಫೋಟೋ ಸಿಕ್ಲಿಲ್ಲ ಮಾರಾಯಾ” ಎಂದರು.

ನಮ್ಮ ಭಾಷೆಯಲ್ಲಿ ಗುಂಡು ಹಾಕುವುದು ಎಂದರೆ ಕುಡಿಯುವುದು. ಗುಂಡು ಹಾಕುವುದು ಎಂದರೆ ಕೋವಿ ತುಂಬುವುದೂ ಹೌದು. ಹಿಂದಿನ ದಿನ ಹಂದಿಗೆಂದು ತುಂಬಿದ ಕೋವಿ, ಕೇಪು ಸಮೇತ ನನ್ನ ಮೇಜಿನ ಎದುರು ಬಂದು ನಿಂತು ವಾಪಸು ಹೋಗಿತ್ತು. ಗೋಣಿಯ ಬಾಯಿಯಲ್ಲಿ ನಳಿಗೆ ಕಂಡು ಸುಧಾಕರ ಕೇಳಿದಾಗ ಭೋಜಣ್ಣ, “ಮುಟ್ಟಬ್ಯಾಡ, ಗುಂಡ್ ಹಾಕಿತ್ತ್” ಎಂದಿದ್ದರು. ಬಾರಿನ ತುಂಬ ಊಟದ ಗಿರಾಕಿಗಳು. ಕೋವಿ ಎಂಬ ಶಬ್ದ ಕೇಳಿ ಅವರು ಹೆದರಿ ಓಡಬಾರದೆಂದು, ಸಾಹೇಬರ ಅಪ್ಪಣೆಯಂತೆ, ಅವನು ನನಗೆ ಭೋಜಣ್ಣನ ಮಾತನ್ನೇ ಮೆತ್ತಗೆ ತಲುಪಿಸಿದ್ದ.

ಅಂದೇ ಸಂಜೆ ಮೇಲಧಿಕಾರಿಗಳು ಬಂದರು. ಭೋಜಣ್ಣನ ಮೇಲೆ ಕೇಸು ಆಗಲೇಬೇಕಿತ್ತು, ಆಯಿತು. ಆಮೇಲೆ ಮೇಲಧಿಕಾರಿ ಹೇಳಿದರು, ಬಾರಿನ ಮ್ಯಾನೇಜರನ್ನೂ ಆರೋಪಿ ಮಾಡಿ; ಕೋವಿ ಕಂಡೂ ಕುಡಿಯಲು ಕೊಟ್ಟಿದ್ದಾನೆ, ಅಪ್ಪಣೆ ಇದ್ದೂ ಠಾಣೆಗೆ ತಿಳಿಸಿಲ್ಲ. ನಮ್ಮ ಸಾಹೇಬರು ನನ್ನ ಕಡೆ ತಿರುಗಿದರು.

“ಫೋನ್ ಬಂದಿತ್ತೇನ್ರೀ?”

“ಇಲ್ಲ ಸಾರ್” ಎಂದೆ.

ಅಷ್ಟು ಸಲೀಸಾಗಿ ಬಂತು ಆ ಮಾತು. ಜೀವಮಾನವೆಲ್ಲ ಜನರ ಮುಖ ನೋಡಿ ಸುಳ್ಳು ರೂಲು ಹೇಳಿ ಅಭ್ಯಾಸವಾದ ನಾಲಿಗೆ ಅದು.

ದಿನಚರಿ ನನ್ನ ಕೈಯಲ್ಲೇ ಇತ್ತು. ಹನ್ನೊಂದೂವರೆಯ ಜಾಗದಲ್ಲಿ ಏನೂ ಇರಲಿಲ್ಲ. ಪುಟದ ಕೆಳಗೆ ಎರಡು ಗೆರೆಯಷ್ಟು ಖಾಲಿ ಇತ್ತು. ರೈಟರ್ ಆಗಿದ್ದವನಿಗೆ ಗೊತ್ತು, ಎರಡು ಗೆರೆಯಲ್ಲಿ ಎಂಥ ಬೇಕಾದ ಕಥೆಯನ್ನೂ ಹೊಂದಿಸಬಹುದು.

ಮರುದಿನ ಬೆಳಿಗ್ಗೆ ಹೇಳಿಕೆ ಬರೆದುಕೊಳ್ಳಲು ಆಸ್ಪತ್ರೆಗೆ ಹೋದವನೂ ನಾನೇ. ಸುಧಾಕರನ ಕಾಲು ಉಳಿದಿತ್ತು, ಮೂಳೆ ಪುಡಿಯಾಗಿತ್ತು. ಅವನ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. “ಸಾರ್, ಇವ್ರ್ ಮೇಲೂ ಕೇಸ್ ಮಾಡ್ತ್ರಂಬ್ರಲೆ, ಹೌದಾ? ಕೇಸ್ ಆದ್ರೆ ಕೆಲ್ಸ ಹೋತ್ತ್. ಈ ಕಾಲಂಗೆ ಇವ್ರ್ ಮತ್ತೆ ಎಲ್ಲಿಗೆ ಹೋಪುದ್?” ಎಂದು ಕೇಳಿದಳು. ಕೈಯಲ್ಲಿದ್ದ ಕಾಗದ ನೋಡಿಕೊಂಡು ಕೂತೆ.

ಸುಧಾಕರನೇ ಮಾತು ತೆಗೆದ.

“ಫೋನ್ ಎತ್ತದ್ ನೀವೇ ಅಲ್ದಾ ಸಾರ್. ಸ್ವರ ಗೊತ್ತಾಯ್ತ್.”

ತೆಗೆದ ಪೆನ್ನಿನ ಮುಚ್ಚಳವನ್ನು ಪುನಃ ಹಾಕಿದೆ. ಅವನು ಮುಂದುವರಿಸಿದ.

“ನೀವ್ ಹೇಳದ್ ಕೇಂಡ್ ನಂಗೂ ನಗಿ ಬಂತ್. ಹೆದ್ರಿಕಿ ಒಂಚೂರ್ ಕಮ್ಮಿ ಆಯ್ತ್. ಭೋಜಣ್ಣಂಗೂ ಹೇಳ್ದೆ. ‘ಗುಂಡ್ ಹಾಕ್ದೆ ಗಂಜಿ ಉಂಬುದಾ ಅಂದ್ರ್ ರೈಟರ್ ಸಾಹೇಬ್ರ್’ ಅಂದೆ. ಪಾಪ, ಅವ್ರ್ ಬೆಳಿಗ್ಗೆಯಿಂದ ಮುಖ ಗಂಟ್ ಹಾಕಂಡಿದ್ರ್. ಇದನ್ ಕೇಂಡ್ ಜೋರ್ ನಗಾಡ್ರ್. ನಗಾಡ್ತಾ ಮೇಜಿಗೆ ಒಂದ್ ಕೊಟ್ರ್ ಕಾಣಿ. ಒರಗ್ಸಿ ಇಟ್ಟ ಗೋಣಿ ಜಾರ್ತ್. ಬೀಳೂಕಾಗ ಅಂದೇಳಿ ನಾನ್ ಹಿಡೂಕ್ ಹೋದೆ.”

ಅವನು ದೂರಿನ ಧಾಟಿಯಲ್ಲಿ ಹೇಳಲಿಲ್ಲ. ನಡೆದದ್ದನ್ನು ಹೇಳಿದ. ಕುದುರೆಗೆ ಪೆಟ್ಟು ಬಿದ್ದದ್ದು ನೆಲದಿಂದ. ನೆಲಕ್ಕೆ ಬೀಳಿಸಿದ್ದು ಒಂದು ನಗೆ. ಆ ನಗೆಯನ್ನು ಫೋನಿನಲ್ಲಿ ಕಳಿಸಿಕೊಟ್ಟವ ನಾನು.

ಬರಿಯ ಕಾಗದ ಹಿಡಿದುಕೊಂಡು ಠಾಣೆಗೆ ವಾಪಸು ಬಂದೆ. ಸಾಹೇಬರ ಕೋಣೆಗೆ ಹೋಗಿ ನಿಂತು, “ಫೋನ್ ಬಂದಿತ್ತು ಸಾರ್. ನಾನೇ ಎತ್ತಿದ್ದು. ನಿನ್ನೆ ಸುಳ್ಳು ಹೇಳಿದೆ” ಎಂದೆ. ಬೆಳಿಗ್ಗೆ ಕೋವಿ ನನ್ನೆದುರು ಬಂದದ್ದು, ಕಡ್ಡಿ ಇಳಿಸದೆ ಕಳಿಸಿದ್ದು, ಹಂದಿಯ ಫೋಟೋ, ಎಲ್ಲ ಹೇಳಿದೆ. ದಿನಚರಿಯ ಪುಟ ತೆರೆದು ಎರಡು ಗೆರೆ ಖಾಲಿ ಜಾಗ ತೋರಿಸಿ, ಬರೆಯಲೇ ಎಂದು ಕೇಳಿದೆ. ಅಲ್ಲೂ ನನ್ನ ಕಳ್ಳಬುದ್ಧಿ ಬಿಟ್ಟಿರಲಿಲ್ಲ, ನೋಡಿ.

“ಅಲ್ಲಿ ಬರೀಬ್ಯಾಡ್ರಿ. ಇವತ್ತಿನ ಪುಟದಾಗ, ಇವತ್ತಿನ ಟೈಮ್ ಹಾಕಿ ಬರೀರಿ. ಅಂವ ಏನಂದ, ನೀವೇನಂದ್ರಿ, ಅಕ್ಷರ ತಪ್ಪದಂಗ” ಎಂದರು.

ಬರೆದೆ. ಇಡೀ ಸೇವೆಯಲ್ಲಿ ಅಷ್ಟು ನಿಧಾನವಾಗಿ ನಾನು ಯಾವ ಸಾಲನ್ನೂ ಬರೆದವನಲ್ಲ. “ಗಂಜಿ ಉಂಬುದಾ” ಎಂಬ ಮಾತು ಸರ್ಕಾರಿ ಪುಸ್ತಕದಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ, ನಗೆಯೇ ಇಲ್ಲದೆ ಕೂತಿತು. ಸಾಹೇಬರು ಓದಿ, ಪುಸ್ತಕ ಮುಚ್ಚಿ ಹೇಳಿದರು.

“ನಮ್ಮ ಕಡೀನೂ ಗುಂಡಿಗೆ ಎರಡೂ ಅರ್ಥ ಐತ್ರಿ. ಅಂವಂದು ತಪ್ಪಿಲ್ಲ. ಯಾವ ಗುಂಡು ಅಂತ ನೀವು ಒಂದು ಮಾತು ಕೇಳಬೇಕಿತ್ತು.”

ಸುಧಾಕರನ ಹೆಸರು ಆರೋಪಿಗಳ ಪಟ್ಟಿಗೆ ಹೋಗಲಿಲ್ಲ. ಭೋಜಣ್ಣನ ಲೈಸೆನ್ಸ್ ರದ್ದಾಯಿತು, ಕೋವಿ ಮತ್ತೆ ಅವರ ಮನೆಗೆ ಹೋಗಲಿಲ್ಲ. ಹಂದಿ ಮಾತ್ರ ಪ್ರತಿವರ್ಷ ಗದ್ದೆಗೆ ಬಂತು. ಫೋಟೋಕ್ಕೆ ಸಿಗುವಷ್ಟು ಹತ್ತಿರ ಬರುತ್ತಿತ್ತು ಎಂದು ಒಮ್ಮೆ ಬಸ್ಸಿನಲ್ಲಿ ಸಿಕ್ಕಾಗ ಭೋಜಣ್ಣ ಹೇಳಿದರು. ತಮಾಷೆಗೋ ಅಲ್ಲವೋ ಗೊತ್ತಾಗಲಿಲ್ಲ. ಇಲಾಖೆ ನನಗೆ ಏನು ಮಾಡಿತು ಎಂಬುದನ್ನು ಬಿಡಿ. ಮಾಡಿದ್ದು ಕಮ್ಮಿಯಾಯಿತು ಎಂದು ಮಾತ್ರ ಹೇಳುತ್ತೇನೆ.

ಆಮೇಲೆ ನಿವೃತ್ತಿಯವರೆಗೂ ನನ್ನ ಮೇಜಿನ ಫೋನಿಗೆ ಒಂದು ಚೀಟಿ ಅಂಟಿಸಿದ್ದೆ. ಅದರಲ್ಲಿ ಎರಡೇ ಶಬ್ದ: ಯಾವ ಗುಂಡು? ಹೊಸದಾಗಿ ಬಂದವರು ಇದೇನು ಎಂದು ಕೇಳುತ್ತಿದ್ದರು, ಹೇಳುತ್ತಿದ್ದೆ. ಊರಿಗೆಲ್ಲ ಅಡ್ಡಹೆಸರು ಇಟ್ಟವನಿಗೆ ಕೊನೆಗೆ ಊರು ಇಟ್ಟ ಹೆಸರೂ ಅದೇ ಆಯಿತು. ಈಗ ನಿಮ್ಮ ಕಾಲದಲ್ಲಿ ಕರೆ ಎಲ್ಲೋ ಒಂದು ಕೇಂದ್ರಕ್ಕೆ ಹೋಗಿ, ಅಲ್ಲಿ ದಾಖಲಾಗಿ, ನಿಮ್ಮ ಗಾಡಿಯ ಪರದೆಗೆ ಬರುತ್ತದೆ. ಬಂದ ಕರೆಯನ್ನು ಯಾರೂ ನುಂಗಲಾಗುವುದಿಲ್ಲ. ಒಳ್ಳೆಯದು. ಆದರೆ ಪರದೆಯ ಮೇಲೆ ಬರುವುದು ಶಬ್ದ ಮಾತ್ರ, ಅರ್ಥವನ್ನು ನೀವೇ ಕೇಳಬೇಕು. ಆಚೆಯವನು “ಅಲ್ಲ ಸಾರ್” ಎಂದರೆ ಫೋನ್ ಇಡಬೇಡಿ.

ಸುಧಾಕರ ಕಾಲೆಳೆದುಕೊಂಡೇ ಅದೇ ಬಾರಿನಲ್ಲಿ ಇನ್ನಷ್ಟು ವರ್ಷ ದುಡಿದ. ಈಗ ಅವನೂ ಬಿಟ್ಟಿದ್ದಾನೆ. ನಾನು ಬಾರ್ಕೂರಿನಲ್ಲಿ ಮನೆ ಮಾಡಿಕೊಂಡಿದ್ದೇನೆ, ಅವನು ಅಲ್ಲೇ ಒಳನಾಡಿನಲ್ಲಿ. ನಾನು ನಿವೃತ್ತನಾದ ವಾರವೇ ಅವನಿಂದ ಒಂದು ಫೋನ್ ಬಂತು.

“ಸಾರ್, ಒಂಚೂರ್ ಬನ್ನಿ.”

ಇಷ್ಟೇ ಹೇಳಿ ಇಟ್ಟುಬಿಟ್ಟ. ನಾನು ಎದ್ದು ಬಿದ್ದು ಎರಡು ಬಸ್ಸು ಬದಲಾಯಿಸಿ ಹೋದೆ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ.

“ಎಂತ ಆಯ್ತಾ?” ಎಂದೆ, ಏದುಸಿರು ಬಿಡುತ್ತಾ.

“ಎಂತ ಆಯ್ಲಿಲ್ಲ. ಬತ್ರ್ಯಾ ಇಲ್ಯಾ ಅಂದೇಳಿ ಕಂಡದ್ದ್” ಎಂದ. “ಕೂಕಣಿ, ಚಾ ಕುಡಿವ.”

ಅಂದಿನಿಂದ ಎರಡು ಮೂರು ತಿಂಗಳಿಗೊಮ್ಮೆ ಅವನ ಫೋನ್ ಬರುತ್ತದೆ. ಅದೇ ಮೂರು ಶಬ್ದ, ಅದೇ ಮೆತ್ತಗಿನ ಸ್ವರ. ಹೋದರೆ ಚಹಾ, ಕಾಲಿನ ಸುದ್ದಿ, ಊರ ಸುದ್ದಿ. ಮೂರು ತಾಲೂಕನ್ನು ಗೋಳು ಹೊಯ್ದುಕೊಂಡ ನನ್ನನ್ನು ಒಬ್ಬ ಕುಂಟ ಮನುಷ್ಯ ಹೀಗೆ ಬಸ್ಸಿನಿಂದ ಬಸ್ಸಿಗೆ ಓಡಿಸುತ್ತಾನೆ. ಸುಮ್ಮನೆ ಕರೆಯುತ್ತಿದ್ದಾನೆ ಎಂದು ನನಗೆ ಗೊತ್ತು. ಗೊತ್ತಿದೆ ಎಂದು ಅವನಿಗೂ ಗೊತ್ತು. ಯಾಕೆ ಎಂದು ನಾನು ಈವರೆಗೆ ಕೇಳಿಲ್ಲ.

ಇದನ್ನು ಬರೆಯುತ್ತಿರುವಾಗಲೇ ಅವನ ಫೋನ್ ಪುನಃ ಬಂತು. ಇನ್ನೂ ಎರಡು ಪ್ರಸಂಗ ಬರೆಯಬೇಕೆಂದಿದ್ದೆ, ಅದರಲ್ಲಿ ನಾನು ಬಹಳ ಬುದ್ಧಿವಂತ. ಇರಲಿ. ಶರ್ಟು ಹಾಕಿಕೊಂಡಿದ್ದೇನೆ, ಬ್ರಹ್ಮಾವರದ ಬಸ್ಸಿಗೆ ಐದು ನಿಮಿಷ ಇದೆ.